ಸಣ್ಣ ಎಂಜಿನ್ನಿನ ಆಯ್ಕೆ ಮತ್ತು ಹದ

ಎಂಜಿನ್ನನ್ನು ಬಿಚ್ಚಿ ಕಟ್ಟುವ ಆಸೆ ಮಂಡ್ಯ ಸೀಮೆಯ ಹುಡುಗರಿಗೆ ಹೊಸದಲ್ಲ. ನೀರೆತ್ತುವ ಎಂಜಿನ್ನು, ಆಲೆಮನೆಯಲ್ಲಿ ಕಬ್ಬಿನ ಗಾಣವನ್ನು ತಿರುಗಿಸುವ ಎಂಜಿನ್ನು, ಗದ್ದೆಯ ಕೆಸರು ಕಲಸುವ ಪವರ್ ಟಿಲ್ಲರು, ಮೇವಿನ ಹೊರೆಯನ್ನೂ ಹಾಲಿನ ಕ್ಯಾನನ್ನೂ ಹೊತ್ತು ಓಡಾಡುವ ಟಿವಿಎಸ್ ಮೊಪೆಡ್ಡು, ಇವುಗಳ ಸದ್ದಿನಲ್ಲಿಯೇ ಅವರು ಬೆಳೆಯುತ್ತಾರೆ. ಈಗ ಅವರಲ್ಲಿ ಕೆಲವರ ಮನಸ್ಸು ಪಿಟ್ ಬೈಕೆಂಬ ಗಿಡ್ಡ ವಾಹನದ ಮೇಲೆ ನಿಂತಿದೆ. ಗುಜರಿಯಿಂದ ಹಳೆಯ ಬೈಕಿನ ಎಂಜಿನ್ನೊಂದನ್ನು ತಂದು, ಹಗುರವಾದ ಚೌಕಟ್ಟಿಗೆ ಕೂರಿಸಿ, ಡಾಂಬರು ರಸ್ತೆಯನ್ನು ಬಿಟ್ಟು ಹೊಲಮಾಳಗಳಲ್ಲಿ ಓಡಿಸಬೇಕೆಂಬುದು ಅವರ ಬಯಕೆ. “ಸಾರ್, ನೂರು ಸಿಸಿ ಸಾಕೇ, ನೂರೈವತ್ತು ಬೇಕೇ? ಬೋರು ಮಾಡಿಸಿದರೆ ಪಿಕಪ್ ಎಷ್ಟು ಹೆಚ್ಚೀತು? ಸೈಲೆನ್ಸರು ತೆಗೆದರೆ ಹೇಗೆ?” ಎಂಬ ಪ್ರಶ್ನೆಗಳು ಪಾಠ ಮುಗಿದ ಮೇಲೆ, ಬಾಗಿಲ ಬಳಿಯಲ್ಲಿ, ಸ್ವಲ್ಪ ಸಂಕೋಚದಿಂದ ಬರುತ್ತವೆ.

ಇದಕ್ಕೆ ಮನೆಯ ಹಿರಿಯರು ಕೊಡುವ ಉತ್ತರ ಒಂದೇ: ಈ ಹುಚ್ಚು ಬಿಟ್ಟು ಓದಿಕೋ. ಬಡಾಯಿಯ ಮೆಕ್ಯಾನಿಕ್ಕು ಕೊಡುವ ಉತ್ತರವೂ ಒಂದೇ: ದೊಡ್ಡದು ಹಾಕು. ಈ ಎರಡನ್ನೂ ನಾವು ಒಪ್ಪುವುದಿಲ್ಲ. ಮಣ್ಣಿನ ಮೇಲೆ ಓಡುವ ವಾಹನಕ್ಕೆ ಕೊರತೆಯಾಗುವುದು ಸಾಮಾನ್ಯವಾಗಿ ಎಂಜಿನ್ನಿನ ಶಕ್ತಿಯಲ್ಲ. ಆದುದರಿಂದ ಸಣ್ಣ ಎಂಜಿನ್ನನ್ನೇ ಆರಿಸಿಕೊಂಡು, ಅದನ್ನು ಹಿಗ್ಗಿಸಲು ಹೋಗದೆ, ಅಳೆದು ಹದ ಮಾಡತಕ್ಕದ್ದು. ಮತ್ತು ಈ ಅಳತೆಯ ಕೆಲಸ ಶೆಡ್ಡಿನ ಮೂಲೆಯಲ್ಲಿ ಮನೆಯವರ ಕಣ್ಣು ತಪ್ಪಿಸಿ ನಡೆಯುವುದರ ಬದಲು ಕಾಲೇಜಿನ ಪ್ರಯೋಗಶಾಲೆಯಲ್ಲಿ ನಡೆಯತಕ್ಕದ್ದು. ಇದು ನಮ್ಮ ಮತ. ಅದಕ್ಕೆ ಕಾರಣಗಳನ್ನು ಲೆಕ್ಕದ ಸಹಿತ ಹೇಳುವುದು ಈ ಲೇಖನದ ಉದ್ದೇಶ.

ಪಿಟ್ ಬೈಕು ಎಂಬ ಹೆಸರು ಪಂದ್ಯದ ಮೈದಾನಗಳಿಂದ ಬಂದುದು. ಓಟದ ವಾಹನಗಳನ್ನು ನಿಲ್ಲಿಸಿ ರಿಪೇರಿ ಮಾಡುವ ಅಂಗಳಕ್ಕೆ ಪಿಟ್ ಎಂದು ಹೆಸರು. ಅಲ್ಲಿ ಆಚೀಚೆ ಓಡಾಡಲು ಇಟ್ಟುಕೊಂಡಿದ್ದ ಪುಟ್ಟ ಬೈಕೇ ಮುಂದೆ ಸ್ವತಂತ್ರವಾದ ಆಟದ ವಾಹನವಾಯಿತು. ಅದರ ಎಂಜಿನ್ನಿನ ಮೂಲವನ್ನು ಹುಡುಕಿದರೆ 1958ರಲ್ಲಿ ಜಪಾನಿನ ಹೋಂಡಾ ಕಂಪೆನಿ ಹೊರತಂದ ಸೂಪರ್ ಕಬ್ ಎಂಬ 50 ಸಿಸಿಗೂ ಕಡಿಮೆಯ ವಾಹನವನ್ನು ಮುಟ್ಟುತ್ತೇವೆ. ಅದರ ಸಿಲಿಂಡರು ನೆಟ್ಟಗೆ ನಿಲ್ಲದೆ ಬಹುಮಟ್ಟಿಗೆ ಅಡ್ಡಲಾಗಿ ಮಲಗಿತ್ತು. ಆದುದರಿಂದ ವಾಹನದ ಭಾರವೆಲ್ಲ ನೆಲಕ್ಕೆ ಹತ್ತಿರವಾಗಿ, ಮುಂದಿನ ಗಾಳಿ ನೇರವಾಗಿ ಸಿಲಿಂಡರಿನ ತಲೆಗೆ ಬಡಿಯುತ್ತಿತ್ತು. 1961ರಲ್ಲಿ ಅದೇ ಕಂಪೆನಿ ಟೋಕಿಯೋ ಬಳಿಯ ಟಾಮಾ ಟೆಕ್ ಎಂಬ ವಿನೋದೋದ್ಯಾನಕ್ಕಾಗಿ ಇಂಥ ಎಂಜಿನ್ನನ್ನಿಟ್ಟು ಮಕ್ಕಳ ಬೈಕೊಂದನ್ನು ಮಾಡಿತು. ಇಂದು ಲೋಕದಲ್ಲಿ ಮಾರಾಟವಾಗುವ ಪಿಟ್ ಬೈಕುಗಳಲ್ಲಿ ಬಹುಪಾಲಿನವು ಆ ಮಲಗಿದ ಸಿಲಿಂಡರಿನ ಸಂತಾನ. ಸೂಪರ್ ಕಬ್ ವರ್ಗದ ವಾಹನಗಳ ಒಟ್ಟು ಉತ್ಪಾದನೆ 2017ರಲ್ಲಿ 10 ಕೋಟಿಯನ್ನು ದಾಟಿತೆಂದರೆ ಆ ವಿನ್ಯಾಸದ ಗಟ್ಟಿತನಕ್ಕೆ ಬೇರೆ ಸಾಕ್ಷಿ ಬೇಡ.

ಈ ವಂಶದ ಒಂದು ಕವಲು ನಮ್ಮಲ್ಲಿಗೂ ಬಂದಿದೆ. 1985ರ ಹೀರೋ ಹೋಂಡಾ ಸಿಡಿ 100, 1994ರ ಸ್ಪ್ಲೆಂಡರ್, ಇವುಗಳ ಎಂಜಿನ್ನು ಅದೇ ಮಲಗಿದ ಸಿಲಿಂಡರಿನ, ಗಾಳಿಯಿಂದ ತಣಿಯುವ, ನಾಲ್ಕು ಸ್ಟ್ರೋಕಿನ ಜಾತಿಯದು. ಸಿಲಿಂಡರಿನ ವ್ಯಾಸ 50 ಮಿಲಿಮೀಟರು, ಪಿಸ್ಟನ್ನು ಚಲಿಸುವ ದೂರ 49.5 ಮಿಲಿಮೀಟರು. ಗಾತ್ರವೆಷ್ಟೆಂಬುದನ್ನು ವಾಚಕರೇ ಗುಣಿಸಿ ನೋಡಬಹುದು, 97.2 ಘನ ಸೆಂಟಿಮೀಟರು ಬರುತ್ತದೆ. ಈ ಎಂಜಿನ್ನು ಮಳವಳ್ಳಿಯ ಹಳ್ಳಿಗಳಲ್ಲಿಯೂ ಕಾಣದ ದಿನವಿಲ್ಲ. ಬಿಡಿಭಾಗ ಸಿಕ್ಕದ ಪೇಟೆಯಿಲ್ಲ. ಹಾಗಾದರೆ ಪಿಟ್ ಬೈಕಿಗೆ ಎಂಜಿನ್ನು ಹುಡುಕುವವನು ಪರದೇಶದ ಕಡೆ ನೋಡಬೇಕಾದ ಅವಶ್ಯಕತೆಯೇ ಇಲ್ಲ. ಅದು ಸಾಕೇ ಎಂಬುದಷ್ಟೇ ಪ್ರಶ್ನೆ.

ಲೆಕ್ಕ ಹಾಕೋಣ. ವಾಹನದ ತೂಕ 100 ಕಿಲೋಗ್ರಾಂ, ಸವಾರನದು 65 ಎಂದಿಟ್ಟುಕೊಳ್ಳೋಣ. ಬೆದ್ದಲು ಹೊಲದ ಕೊರಕಲೊಂದರಿಂದ 20 ಡಿಗ್ರಿಯ ಇಳಿಜಾರನ್ನು ಹತ್ತಬೇಕಾಗಿದೆ. ಇದು ಸಣ್ಣ ಏರಲ್ಲ. ಬರಿಗಾಲಲ್ಲಿ ಹತ್ತುವವನೂ ಮುಂದಕ್ಕೆ ಬಾಗುತ್ತಾನೆ. 165 ಕಿಲೋಗ್ರಾಮಿನ ಭಾರವೆಂದರೆ ಸುಮಾರು 1617 ನ್ಯೂಟನ್. ಅದರಲ್ಲಿ ಇಳಿಜಾರಿನ ಗುಂಟ ಹಿಂದಕ್ಕೆಳೆಯುವ ಭಾಗ 553 ನ್ಯೂಟನ್. ಸಡಿಲ ಮಣ್ಣಿನಲ್ಲಿ ಚಕ್ರ ಉರುಳುವಾಗ ಆಗುವ ತಡೆಯನ್ನು ಭಾರದ ಹತ್ತರಲ್ಲೊಂದು ಪಾಲೆಂದು ಹಿಡಿದರೆ ಇನ್ನು 152 ಸೇರುತ್ತದೆ. ಒಟ್ಟು 705 ನ್ಯೂಟನ್ ಬಲ ಹಿಂಚಕ್ರದ ಅಂಚಿನಲ್ಲಿ ಬೇಕು. ಈಗ ಎಂಜಿನ್ನಿನ ಕಡೆ ನೋಡಿದರೆ, ಅದರ ತಿರುಗಿಸುವ ಬಲ, ಅಂದರೆ ಟಾರ್ಕು, ಹೆಚ್ಚೆಂದರೆ ಸುಮಾರು 8 ನ್ಯೂಟನ್ ಮೀಟರು. ಒಂದನೆಯ ಗೇರಿನಲ್ಲಿ ಎಂಜಿನ್ನು ಸುಮಾರು 35 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆಂದೂ, ದಾರಿಯಲ್ಲಿ ನೂರಕ್ಕೆ 15 ಪಾಲು ಘರ್ಷಣೆಯಲ್ಲಿ ಕಳೆದುಹೋಗುತ್ತದೆಂದೂ ಇಟ್ಟುಕೊಂಡರೆ ಚಕ್ರಕ್ಕೆ 238 ನ್ಯೂಟನ್ ಮೀಟರು ಮುಟ್ಟುತ್ತದೆ. ಚಕ್ರದ ತ್ರಿಜ್ಯ 0.3 ಮೀಟರು, ಆದುದರಿಂದ ನೆಲವನ್ನು ಒದೆಯುವ ಬಲ 793 ನ್ಯೂಟನ್. ಬೇಕಾದುದು 705, ಇರುವುದು 793. ಪಿಟ್ ಬೈಕಿನ ಚಿಕ್ಕ ಚಕ್ರ ಹಾಕಿದರೆ ಇನ್ನೂ ಅನುಕೂಲವೇ. ನೂರು ಸಿಸಿಗೂ ಕಡಿಮೆಯ ಎಂಜಿನ್ನು ಆ ಏರನ್ನು ಹತ್ತಬಲ್ಲುದು.

ಆದರೆ ಲೆಕ್ಕ ಇಲ್ಲಿಗೆ ಮುಗಿಯಲಿಲ್ಲ. ಒದೆಯುವ ಬಲ ಎಂಜಿನ್ನಿನಲ್ಲಿ ಇದ್ದರೆ ಸಾಲದು. ಅದನ್ನು ತಾಳಿಕೊಳ್ಳುವ ಹಿಡಿತ ಮಣ್ಣಿನಲ್ಲಿಯೂ ಇರಬೇಕು. ಏರು ಹತ್ತುವಾಗ ಭಾರದ ನಾಲ್ಕರಲ್ಲಿ ಮೂರು ಪಾಲು ಹಿಂಚಕ್ರದ ಮೇಲೆ ಬಿತ್ತೆನ್ನೋಣ. ಆಗ ಆ ಚಕ್ರ ನೆಲವನ್ನು ಸುಮಾರು 1140 ನ್ಯೂಟನ್ ಬಲದಿಂದ ಒತ್ತುತ್ತದೆ. ಒಣಗಿದ ಗಟ್ಟಿ ಕೆಮ್ಮಣ್ಣಿನ ಮೇಲೆ ಘರ್ಷಣಾಂಕ 0.65 ಎಂದರೆ ನೆಲ ತಾಳುವುದು 741 ನ್ಯೂಟನ್. ಎಂಜಿನ್ನು ಕೊಡುವುದು ಆಗಲೇ ಅದನ್ನು ಮೀರಿದೆ! ಮಳೆ ಬಿದ್ದು ಮಣ್ಣು ಜಾರಾದರೆ ಘರ್ಷಣಾಂಕ 0.3ಕ್ಕೆ ಇಳಿಯಬಹುದು, ಆಗ ನೆಲ ತಾಳುವುದು 342 ಮಾತ್ರ. ಎಂಜಿನ್ನಿನಲ್ಲಿ ಅದರ ಇಮ್ಮಡಿಗಿಂತಲೂ ಹೆಚ್ಚು ಬಲ ಬಿದ್ದುಕೊಂಡಿದೆ, ಖರ್ಚು ಮಾಡಲು ಸ್ಥಳವಿಲ್ಲ. ಇಂಥಲ್ಲಿ ನೂರೈವತ್ತು ಸಿಸಿಯ ಎಂಜಿನ್ನನ್ನು ಕೂರಿಸಿದವನಿಗೆ ದೊರೆಯುವ ಲಾಭವೆಂದರೆ ಹಿಂದೆ ನಿಂತವರ ಬಟ್ಟೆಗೆ ಇನ್ನಷ್ಟು ಕೆಸರು. ಗಂಟುಗಂಟಿನ ಟಯರು, ಅದರಲ್ಲಿ ಸ್ವಲ್ಪ ಕಡಿಮೆ ಗಾಳಿ, ಸವಾರ ಸ್ವಲ್ಪ ಹಿಂದಕ್ಕೆ ಸರಿದು ಕೂರುವುದು, ಇವು ಮಾಡುವ ಉಪಕಾರವನ್ನು ಐವತ್ತು ಸಿಸಿ ಹೆಚ್ಚಾದರೂ ಮಾಡಲಾರದು.

ಹುಡುಗರು ಪಿಕಪ್ ಎಂದು ಕರೆಯುವ ಗುಣ ವಾಸ್ತವವಾಗಿ ಅಶ್ವಶಕ್ತಿಯಲ್ಲ. ಕಡಿಮೆ ಸುತ್ತಿನಲ್ಲಿಯೇ ದೊರೆಯುವ ಟಾರ್ಕು. ಟಾರ್ಕನ್ನು ಸುತ್ತಿನ ವೇಗದಿಂದ ಗುಣಿಸಿದರೆ ಬರುವುದು ಶಕ್ತಿ. ಆದುದರಿಂದ ನಿಮಿಷಕ್ಕೆ ಹತ್ತು ಸಾವಿರ ಸುತ್ತು ಕಿರುಚಿಸಿ ಜಾಹೀರಾತಿಗೆ ದೊಡ್ಡ ಅಶ್ವಶಕ್ತಿಯನ್ನು ತೋರಿಸುವುದು ಕಷ್ಟವಲ್ಲ. ಮೂಟೆ ಹೊರುವ ಟಿವಿಎಸ್ ಎಕ್ಸ್‌ಎಲ್ 100 ಮೊಪೆಡ್ಡನ್ನು ನೋಡಿ. 99.7 ಸಿಸಿಯ ಆ ಎಂಜಿನ್ನಿನ ಶಕ್ತಿ 4.3 ಅಶ್ವಶಕ್ತಿ ಮಾತ್ರ. ಆದರೆ ಅದರ ಗರಿಷ್ಠ ಟಾರ್ಕು, 6.5 ನ್ಯೂಟನ್ ಮೀಟರು, ನಿಮಿಷಕ್ಕೆ 3500 ಸುತ್ತಿನಲ್ಲಿಯೇ ಒದಗುತ್ತದೆ. ಗೇರು ಬದಲಿಸುವ ಅನುಕೂಲವೇ ಇಲ್ಲದ ಆ ವಾಹನ ಕಬ್ಬಿನ ಗದ್ದೆಯ ಬದಿಯಲ್ಲಿ ಹೊರೆ ಹೊತ್ತು ಹೊರಡುವುದು ಈ ಗುಣದಿಂದ. ಅದರ ವಿನ್ಯಾಸಕಾರರಿಗೆ ರೈತನ ಅಗತ್ಯ ತಿಳಿದಿತ್ತೆಂದು ಹೇಳಬೇಕು.

ಏರಿನಲ್ಲಿ ಇನ್ನೂ ಸ್ವಲ್ಪ ಬಲ ಬೇಕೆನ್ನುವವನಿಗೆ ಅಗ್ಗದ ದಾರಿಯೊಂದಿದೆ. ಚೈನಿನ ಮುಂದಿನ ಹಲ್ಲುಚಕ್ರ 14 ಹಲ್ಲಿನದಾಗಿದ್ದು ಹಿಂದಿನದು 42 ಹಲ್ಲಿನದಾಗಿದ್ದರೆ, ಅವನ್ನು 13 ಮತ್ತು 46 ಮಾಡಲಿ. ಹಿಂಚಕ್ರದ ಬಲ ಎಲ್ಲ ಗೇರುಗಳಲ್ಲಿಯೂ ನೂರಕ್ಕೆ 18ರಷ್ಟು ಹೆಚ್ಚುತ್ತದೆ. ಇದನ್ನು ಬೋರು ಮಾಡಿಸುವ ಕೆಲಸದೊಡನೆ ಹೋಲಿಸಿ ನೋಡಿ. 50 ಮಿಲಿಮೀಟರಿನ ಸಿಲಿಂಡರನ್ನು 54ಕ್ಕೆ ಕೊರೆಸಿದರೆ ಗಾತ್ರ ಹೆಚ್ಚುವುದು ನೂರಕ್ಕೆ 17ರಷ್ಟು, ಅದಕ್ಕಿಂತ ಹೆಚ್ಚಲ್ಲ. ಅಷ್ಟಕ್ಕಾಗಿ ಸಿಲಿಂಡರಿನ ಗೋಡೆ ತೆಳುವಾಗುತ್ತದೆ, ಅದೇ ರೆಕ್ಕೆಗಳು ಹೆಚ್ಚು ಉಷ್ಣವನ್ನು ಹೊರಹಾಕಬೇಕಾಗುತ್ತದೆ, ಕಾರ್ಬ್ಯುರೇಟರಿನ ಹದ ಕೆಡುತ್ತದೆ, ಮತ್ತು ಹಿಂದಿರುಗಿ ಬರುವ ದಾರಿ ಮುಚ್ಚಿಹೋಗುತ್ತದೆ. ಕೊರೆದ ಲೋಹವನ್ನು ಯಾರೂ ತಿರುಗಿ ತುಂಬಲಾರರು. ಹಲ್ಲುಚಕ್ರವನ್ನಾದರೆ ಸಂಜೆಯೊಳಗೆ ಹಿಂದಿನಂತೆ ಹಾಕಿಕೊಳ್ಳಬಹುದು. ಅದರಿಂದ ಪರಮ ವೇಗ ಕುಗ್ಗುವುದೇನೋ ನಿಜ. ಹೊಲದಲ್ಲಿ ಗಂಟೆಗೆ ಎಂಬತ್ತು ಕಿಲೋಮೀಟರು ಯಾರಿಗೆ ಬೇಕು? ಅಲ್ಲಿ ಬೇಕಾದುದು ಎಂಜಿನ್ನು ನಿಲ್ಲದೆ ನಡಿಗೆಯ ವೇಗದಲ್ಲಿ ಕಲ್ಲುಗಳ ನಡುವೆ ಸಾಗುವುದು. ನಿಮಿಷಕ್ಕೆ 1500 ಸುತ್ತಿನಲ್ಲಿ, ಒಂದನೆಯ ಗೇರಿನಲ್ಲಿ, ಮೊದಲು ಗಂಟೆಗೆ 4.8 ಕಿಲೋಮೀಟರು ಹೋಗುತ್ತಿದ್ದ ವಾಹನ ಈಗ 4.1ರಲ್ಲಿ ಹೋಗುತ್ತದೆ. ಕಲಿಯುವ ಸವಾರನಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಸಂಪೀಡನ ಪ್ರಮಾಣವನ್ನು ಹೆಚ್ಚಿಸುವ ಮಾತೂ ಕೇಳಿಬರುತ್ತದೆ. ಸಿಲಿಂಡರಿನ ತಲೆಯನ್ನು ಉಜ್ಜಿಸಿ 9ರ ಪ್ರಮಾಣವನ್ನು 11 ಮಾಡಿದರೆ ಆದರ್ಶ ಆವರ್ತದ ದಕ್ಷತೆ ನೂರಕ್ಕೆ 58.5ರಿಂದ 61.7ಕ್ಕೆ ಏರುತ್ತದೆ. ಪದವಿ ತರಗತಿಯ ಉಷ್ಣಗತಿವಿಜ್ಞಾನದ ಸೂತ್ರದಲ್ಲಿ ಅಂಕಿಗಳನ್ನು ಹಾಕಿ ಯಾರಾದರೂ ಪರೀಕ್ಷಿಸಬಹುದು. ಪುಸ್ತಕದಲ್ಲಿಯೇ ಲಾಭ ಇಪ್ಪತ್ತರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು. ನಿಜವಾದ ಎಂಜಿನ್ನಿನಲ್ಲಿ ಅದಕ್ಕಿಂತ ಕಡಿಮೆ. ಬೇಸಿಗೆಯ ಬಿಸಿಲಿನಲ್ಲಿ ಏರು ಹತ್ತುವ, ಗಾಳಿ ಸಾಲದ ಎಂಜಿನ್ನು ಅದರಿಂದ ಕುಟ್ಟಲಾರಂಭಿಸಿದರೆ ಪಿಸ್ಟನ್ನಿನ ತಲೆ ತೂತಾಗುವ ತನಕ ಅದು ನಿಲ್ಲುವುದಿಲ್ಲ. ಈ ವಿಷಯವನ್ನು ಇಷ್ಟಕ್ಕೇ ಬಿಡುತ್ತೇವೆ.

ಸೈಲೆನ್ಸರಿನ ವಿಷಯ ಹಾಗಲ್ಲ. ಅದರಲ್ಲಿ ಮೂಢನಂಬಿಕೆಯೊಂದು ಸೇರಿಕೊಂಡಿದೆ. ಸದ್ದು ಹೆಚ್ಚಾದರೆ ಶಕ್ತಿ ಹೆಚ್ಚಾಯಿತೆಂಬ ಭಾವನೆ ಅದು. ಸೈಲೆನ್ಸರು ಕಿತ್ತ ಬೈಕೊಂದು ಏಳೂವರೆ ಮೀಟರು ದೂರದಲ್ಲಿ 100 ಡೆಸಿಬೆಲ್ ಸದ್ದು ಮಾಡುತ್ತದೆಯೆಂದು ಭಾವಿಸೋಣ. ಅಲ್ಲಿ ಒಂದು ಚದರ ಮೀಟರಿಗೆ ಬೀಳುವ ಶಬ್ದಶಕ್ತಿ ಒಂದು ವಾಟಿನ ನೂರನೆಯ ಒಂದು ಭಾಗ. ಸುತ್ತಲಿನ ಅರ್ಧಗೋಳದ ವಿಸ್ತೀರ್ಣ ಸುಮಾರು 353 ಚದರ ಮೀಟರು. ಎರಡನ್ನೂ ಗುಣಿಸಿದರೆ ಒಟ್ಟು ಶಬ್ದಶಕ್ತಿ ಮೂರೂವರೆ ವಾಟು! ಏಳೂವರೆ ಅಶ್ವಶಕ್ತಿಯ, ಎಂದರೆ ಸುಮಾರು 5500 ವಾಟಿನ ಎಂಜಿನ್ನಿನ ಪಕ್ಕದಲ್ಲಿ ಇದು ಒಂದು ಸಣ್ಣ ಎಲ್‌ಇಡಿ ದೀಪ ಉರಿಯುವಷ್ಟು. ಊರನ್ನೆಲ್ಲ ಎಬ್ಬಿಸುವ ಗದ್ದಲದಲ್ಲಿ ಅಡಗಿರುವುದು ಇಷ್ಟೇ. ಕಿವಿ ಅತ್ಯಂತ ಸೂಕ್ಷ್ಮವಾದ ಇಂದ್ರಿಯವಾದುದರಿಂದ ನಮಗೆ ಅದು ಸಿಂಹಗರ್ಜನೆಯಂತೆ ಕೇಳಿಸುತ್ತದೆ, ಅಷ್ಟೆ. ಮೇಲಾಗಿ ಹೊಗೆಕೊಳವೆಯ ಉದ್ದವೂ ಅಗಲವೂ ಬಾಯಿಗೆ ಬಂದಂತೆ ಇಟ್ಟವುಗಳಲ್ಲ. ಹೊರಹೋಗುವ ಅನಿಲದ ಹಿಂದೆ ಒತ್ತಡದ ಅಲೆಗಳು ಕೊಳವೆಯಲ್ಲಿ ಹೋಗಿ ಬಂದು ಮಾಡುತ್ತಿರುತ್ತವೆ. ಅವು ಸರಿಯಾದ ಕ್ಷಣದಲ್ಲಿ ಕವಾಟದ ಬಳಿಗೆ ಬಂದರೆ ಮುಂದಿನ ಮಿಶ್ರಣ ತುಂಬಲು ನೆರವಾಗುತ್ತವೆ. ಕೊಳವೆಯನ್ನು ಕತ್ತರಿಸಿದವನು ಆ ನೆರವನ್ನು ಕತ್ತರಿಸುತ್ತಾನೆ. ಸಾಮಾನ್ಯವಾಗಿ ಅದರ ನಷ್ಟ ಕಡಿಮೆ ಸುತ್ತಿನಲ್ಲಿಯೇ, ಎಂದರೆ ಏರಿನಲ್ಲಿ ಅತ್ಯಂತ ಬೇಕಾದೆಡೆಯಲ್ಲಿಯೇ, ಕಾಣಿಸುತ್ತದೆ.

ಮದ್ದೂರು ತಾಲ್ಲೂಕಿನ ಹುಡುಗರಿಗೆ ಈ ವಿಷಯದಲ್ಲಿ ಹೆಚ್ಚಿನ ಹೊಣೆಯಿದೆ. ಶಿಂಷಾ ನದಿಗೆ ಹತ್ತಿರದ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಿಸೆಮರಗಳ ಮೇಲೆಯೇ ಗೂಡು ಕಟ್ಟಿ ಮರಿಮಾಡುತ್ತವೆ. ಹಳ್ಳಿಯ ಜನ ತಲೆಮಾರುಗಳಿಂದ ಅವನ್ನು ಮನೆಯ ಹೆಣ್ಣುಮಕ್ಕಳಂತೆ ಕಂಡಿದ್ದಾರೆ. 2007ರಲ್ಲಿ ಆ ಊರನ್ನು ಸಮುದಾಯ ಮೀಸಲು ಎಂದು ಸಾರಲಾಯಿತು. ಗೂಡಿನ ಕಾಲದಲ್ಲಿ ಅಂಥ ಊರಿನ ಸುತ್ತ ಮೂರೂವರೆ ವಾಟಿನ ಪರಾಕ್ರಮವನ್ನು ಮೆರೆಸುವುದನ್ನು ನಾವು ವಿಜ್ಞಾನವೆಂದು ಕರೆಯಲಾರೆವು.

ಇನ್ನು ಹದದ ಮಾತು. ಆಲೆಮನೆಯ ಪಾಕಗಾರನಿಗೆ ಬೆಲ್ಲದ ಹದ ಎಷ್ಟು ಮುಖ್ಯವೋ ಎಂಜಿನ್ನಿಗೆ ಗಾಳಿ ಮತ್ತು ಇಂಧನಗಳ ಮಿಶ್ರಣದ ಹದ ಅಷ್ಟೇ ಮುಖ್ಯ. ಈ ಹೋಲಿಕೆ ಬರಿಯ ಅಲಂಕಾರವಲ್ಲ. ಈಗ ಕಬ್ಬೇ ಎಂಜಿನ್ನಿನೊಳಗೆ ಬಂದಿದೆ. ಕಾಕಂಬಿ, ಕಬ್ಬಿನ ಹಾಲು ಮತ್ತು ಧಾನ್ಯಗಳಿಂದ ತೆಗೆದ ಎಥನಾಲನ್ನು ನೂರಕ್ಕೆ 20ರಂತೆ ಬೆರೆಸಿದ ಪೆಟ್ರೋಲು 2025ರ ಹೊತ್ತಿಗೆ ದೇಶದಲ್ಲೆಲ್ಲ ಹರಡಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪನೆಯಾದಂದಿನಿಂದ ಸಕ್ಕರೆಯ ನಾಡೆನಿಸಿದ ಮಂಡ್ಯದ ವಿದ್ಯಾರ್ಥಿಗಳು ಇದರ ಪರಿಣಾಮವನ್ನು ಬಲ್ಲವರಾಗಿರಬೇಡವೆ? ಒಂದು ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಎಥನಾಲಿನ ಅಣುವಿನಲ್ಲಿ ಆಮ್ಲಜನಕ ಆಗಲೇ ಇರುವುದರಿಂದ ಅದಕ್ಕೆ 9 ಗ್ರಾಂ ಸಾಕು. ನೂರಕ್ಕೆ 20 ಬೆರೆತ ಇಂಧನಕ್ಕೆ ಸುಮಾರು 13.5 ಗ್ರಾಂ. ಹಳೆಯ ಕಾರ್ಬ್ಯುರೇಟರಿಗೆ ಈ ರಸಾಯನಶಾಸ್ತ್ರ ತಿಳಿಯದು. ಅದು ಮೊದಲಿನಷ್ಟೇ ಇಂಧನವನ್ನು ಗಾಳಿಗೆ ಬಿಡುತ್ತದೆ. ಪರಿಣಾಮವಾಗಿ ಮಿಶ್ರಣ ನೂರಕ್ಕೆ ಎಂಟರಷ್ಟು ತೆಳುವಾಗುತ್ತದೆ. ತೆಳುವಾದ ಮಿಶ್ರಣದಿಂದ ಎಂಜಿನ್ನು ಮುಕ್ಕರಿಸುತ್ತದೆ, ಹೆಚ್ಚು ಕಾಯುತ್ತದೆ. 2020ರ ಏಪ್ರಿಲ್ ತಿಂಗಳಿಂದ ಜಾರಿಯಾದ ಬಿಎಸ್ 6 ನಿಯಮಗಳ ಮೇರೆಗೆ ಬಂದ ಇಂಜೆಕ್ಷನ್ ಬೈಕುಗಳಲ್ಲಿ ಹೊಗೆಯಲ್ಲಿನ ಆಮ್ಲಜನಕವನ್ನು ಅಳೆದು ಇಂಧನವನ್ನು ತಿದ್ದಿಕೊಳ್ಳುವ ಏರ್ಪಾಟಿದೆ. ಗುಜರಿಯಿಂದ ಬಂದ ಎಂಜಿನ್ನಿಗೆ ಆ ಭಾಗ್ಯವಿಲ್ಲ.

ಇದಕ್ಕೆದುರಾಗಿ ಮಂಡ್ಯದ ಎತ್ತರವೂ ತನ್ನ ಕೆಲಸ ಮಾಡುತ್ತದೆ. ಸಮುದ್ರ ಮಟ್ಟದಿಂದ ಸುಮಾರು 680 ಮೀಟರು ಎತ್ತರದ ಇಲ್ಲಿ ಗಾಳಿಯ ಒತ್ತಡ ನೂರಕ್ಕೆ ಎಂಟರಷ್ಟು ಕಡಿಮೆ. ಕಾರ್ಬ್ಯುರೇಟರಿನ ಮಿಶ್ರಣ ಗಾಳಿಯ ಸಾಂದ್ರತೆಯ ವರ್ಗಮೂಲವನ್ನು ಅನುಸರಿಸಿ ಬದಲಾಗುವುದರಿಂದ, ಸಮುದ್ರ ತೀರಕ್ಕೆ ಹದಗೊಂಡ ಎಂಜಿನ್ನಿನಲ್ಲಿ ಮಿಶ್ರಣ ಇಲ್ಲಿ ನೂರಕ್ಕೆ ನಾಲ್ಕರಷ್ಟು ದಟ್ಟವಾಗುತ್ತದೆ. ಅಂದರೆ ಕಬ್ಬಿನಿಂದಾದ ಕೊರತೆಯಲ್ಲಿ ಅರ್ಧವನ್ನು ಎತ್ತರ ತುಂಬಿಕೊಡುತ್ತದೆ. ಉಳಿದ ನಾಲ್ಕನ್ನು ನಾವು ತುಂಬಬೇಕು. ಹಲವು ಕಾರ್ಬ್ಯುರೇಟರುಗಳಲ್ಲಿ ಜೆಟ್ಟಿನ ಮೇಲಿನ ಸಂಖ್ಯೆ ಅದರ ರಂಧ್ರದ ವ್ಯಾಸವನ್ನು ಮಿಲಿಮೀಟರಿನ ನೂರನೆಯ ಭಾಗಗಳಲ್ಲಿ ಸೂಚಿಸುತ್ತದೆ. ಇಂಧನದ ಹರಿವು ರಂಧ್ರದ ವಿಸ್ತೀರ್ಣವನ್ನು, ಎಂದರೆ ವ್ಯಾಸದ ವರ್ಗವನ್ನು, ಅನುಸರಿಸುವುದರಿಂದ ನೂರಕ್ಕೆ ನಾಲ್ಕು ಹೆಚ್ಚಿಸಲು 80ರ ಜೆಟ್ಟು 82 ಆದರೆ ಸಾಕು. ಎಂಜಿನ್ನು ಮೊದಲೇ ಈ ಎತ್ತರಕ್ಕೆ ಹದವಾಗಿದ್ದರೆ 83. ಆದರೆ ನಮ್ಮ ಹುಡುಗರು ಮಾಡುವುದೇನು? 80ನ್ನು ಕಿತ್ತು 100ನ್ನು ಹಾಕುತ್ತಾರೆ. ಇಪ್ಪತ್ತು ಹೆಚ್ಚಾಯಿತೆಂದು ಅವರ ಭಾವನೆ. ಹೆಚ್ಚಾದುದು ನೂರಕ್ಕೆ 56! ಆಮೇಲೆ ಕಪ್ಪು ಹೊಗೆ, ಮಸಿ ಹಿಡಿದ ಸ್ಪಾರ್ಕ್ ಪ್ಲಗ್ಗು, ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದುಹಾಕುವ ಪೆಟ್ರೋಲು.

ಜೆಟ್ಟನ್ನು ಬದಲಿಸುವುದಕ್ಕೆ ಮೊದಲು ನೋಡತಕ್ಕವು ಬೇರೆ ಇವೆ. ಏರ್ ಫಿಲ್ಟರಿಗೆ ಧೂಳು ತುಂಬಿದ್ದರೆ ಯಾವ ಹದವೂ ನಿಲ್ಲದು. ಅದನ್ನು ಕಿತ್ತೆಸೆದರಂತೂ ಬೆದ್ದಲಿನ ಧೂಳಿನಲ್ಲಿರುವ ಮರಳಿನ ಕಣಗಳು ಪಿಸ್ಟನ್ನಿನ ಉಂಗುರಗಳನ್ನು ಅರೆಯುತ್ತವೆ. ಫಿಲ್ಟರನ್ನು ತೆಗೆದು ಬೀಗುವವನ ಎಂಜಿನ್ನು ಒಂದು ಬೇಸಿಗೆ ಕಳೆಯುವುದು ಅನುಮಾನ. ಕವಾಟದ ಸಂದು ಇಂಥ ಎಷ್ಟೋ ಎಂಜಿನ್ನುಗಳಲ್ಲಿ ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದ ಆಸುಪಾಸಿನದು. ಅದನ್ನು ಫೀಲರ್ ಗೇಜಿನಿಂದ, ಎಂಜಿನ್ನು ತಣ್ಣಗಿರುವಾಗ, ತಯಾರಕರು ಹೇಳಿದಷ್ಟಕ್ಕೆ ಇಡಬೇಕು. ಬಳಿಕ ಎಂಜಿನ್ನನ್ನು ಬಿಸಿ ಮಾಡಿ, ಪೂರ್ಣ ಹೊರೆಯಲ್ಲಿ ಸ್ವಲ್ಪ ದೂರ ಓಡಿಸಿ, ತಟ್ಟನೆ ನಿಲ್ಲಿಸಿ ಪ್ಲಗ್ಗನ್ನು ಬಿಚ್ಚಿ ನೋಡತಕ್ಕದ್ದು. ಬೆಳ್ಳಗೆ ಸುಟ್ಟಂತಿದ್ದರೆ ಮಿಶ್ರಣ ತೆಳು, ಕರಿಮಸಿ ಕಟ್ಟಿದ್ದರೆ ದಟ್ಟ, ತಿಳಿಗಂದಾಗಿದ್ದರೆ ಸರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದುದನ್ನು ಬರೆದಿಟ್ಟುಕೊಳ್ಳಬೇಕು. ಜೆಟ್ಟು, ಸೂಜಿ, ಗಾಳಿ ತಿರುಪು ಮೂರನ್ನೂ ಒಟ್ಟಿಗೆ ತಿರುಚಿದವನಿಗೆ ಸರಿಹೋದರೂ ಕಾರಣ ತಿಳಿಯುವುದಿಲ್ಲ, ಕೆಟ್ಟರೂ ತಿಳಿಯುವುದಿಲ್ಲ.

ಎರಡು ಸ್ಟ್ರೋಕಿನ ಎಂಜಿನ್ನಿನ ಅಭಿಮಾನಿಗಳು ಇಷ್ಟು ಹೊತ್ತಿಗೆ ಕೋಪಗೊಂಡಿರಬಹುದು. ನೆರೆಯ ಮೈಸೂರಿನಲ್ಲಿ 1961ರಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆ ಅಂಥ ಎಂಜಿನ್ನುಗಳನ್ನು ಮಾಡಿತು. ಜಾವಾ ಮತ್ತು ಎಜ್ಡಿಗಳ ಸದ್ದನ್ನು ಗುರುತಿಸದ ಹಿರಿಯರು ಈ ಭಾಗದಲ್ಲಿ ಇಲ್ಲ. ಸುತ್ತಿಗೊಮ್ಮೆ ಉರಿಯುವ ಆ ಎಂಜಿನ್ನು ಹಗುರ, ಸರಳ, ಬಲಶಾಲಿ ಎಂಬುದು ನಿಜ. ಆದರೆ ಸಣ್ಣ ಗಾತ್ರದ ಓಟದ ಎರಡು ಸ್ಟ್ರೋಕಿನ ಎಂಜಿನ್ನಿನ ಬಲ ಸುತ್ತುಗಳ ಇಕ್ಕಟ್ಟಾದ ಪಟ್ಟಿಯಲ್ಲಿ ಮಾತ್ರ ಸಿಕ್ಕುತ್ತದೆ. ಅದು ಹಠಾತ್ತನೆ ಬಂದಾಗ ಜಾರುಮಣ್ಣಿನ ಮೇಲೆ ಹೊಸ ಸವಾರ ಬೀಳುತ್ತಾನೆ. ಉರಿಯದ ಇಂಧನವೂ ಎಣ್ಣೆಯ ಹೊಗೆಯೂ ಬೇರೆ. ಇನ್ನು ಉಳಿದಿರುವ ಹಳೆಯ ಜಾವಾಗಳನ್ನು ಕತ್ತರಿಸಿ ಕೆಸರಿನ ಆಟಿಕೆ ಮಾಡುವವರ ವಿಷಯದಲ್ಲಿ ನಮಗೆ ಸಹನೆ ಕಡಿಮೆ. ಅವು ಇರಬೇಕಾದುದು ಒರಸಿ ಕಾಪಾಡುವವರ ಮನೆಯಲ್ಲಿ.

ಗುಜರಿಯಲ್ಲಿ ಎಂಜಿನ್ನು ಕೊಳ್ಳುವವರು ಎಂಜಿನ್ ನಂಬರು ತಿದ್ದಿದೆಯೇ ಎಂದು ಮೊದಲು ನೋಡಬೇಕು; ಕಾಗದಪತ್ರವಿಲ್ಲದ ಎಂಜಿನ್ನು ಯಾರದೋ ಕಳುವಾದ ಬೈಕಿನದಾಗಿರಬಹುದು. ರಸ್ತೆಯ ಬೈಕನ್ನು ಮಾರ್ಪಡಿಸಿ ಮತ್ತೆ ರಸ್ತೆಗೆ ತರುವುದಂತೂ ಸಲ್ಲದು. 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣ ಅದನ್ನು ನಿಷೇಧಿಸಿದೆ. 18 ವರ್ಷ ತುಂಬದವರು ಗೇರಿನ ಬೈಕನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸಿ ಅಪರಾಧವಾದರೆ, 2019ರ ತಿದ್ದುಪಡಿಯ ಪ್ರಕಾರ ತಂದೆತಾಯಿಗಳಿಗೆ ಮೂರು ವರ್ಷದವರೆಗೆ ಸೆರೆಮನೆಯೂ 25,000 ರೂಪಾಯಿ ದಂಡವೂ ಆಗಬಹುದು. ಕಬ್ಬು ಮಾರಿದ ಹಣ ಅದಕ್ಕಾಗಿಯೇ ಬಂದುದಲ್ಲ.

ಓಡಿಸುವ ಸ್ಥಳದ ಬಗ್ಗೆ ಇನ್ನೊಂದು ಮಾತು ಹೇಳದೆ ಇರಲಾರೆವು. ಉದ್ದಕ್ಕೂ ಸಮತಟ್ಟಾಗಿ, ಜನವಿಲ್ಲದೆ ಇರುವ ನಾಲೆ ಏರಿ ಹುಡುಗರ ಕಣ್ಣನ್ನು ಸೆಳೆಯುತ್ತದೆ. ಅದು ಆಟದ ಜಾಗವಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ವಿಶ್ವೇಶ್ವರಯ್ಯ ನಾಲೆಗೆ ಬಸ್ಸುರುಳಿ 30 ಮಂದಿ ತೀರಿಕೊಂಡುದನ್ನು ಈ ಜಿಲ್ಲೆ ಮರೆತಿಲ್ಲ. ಕಡಿದಾದ ಪಕ್ಕಗಳ ನಡುವೆ ತುಂಬಿ ಹರಿಯುವ ನಾಲೆಗೆ ಬಿದ್ದವನು ಈಜು ಬಲ್ಲವನಾದರೂ ಹತ್ತಿ ಬರುವುದು ಕಷ್ಟ. ಮಳವಳ್ಳಿಯ ಕಡೆ ಮುತ್ತತ್ತಿಯ ಕಾಡು ಕಾವೇರಿ ವನ್ಯಧಾಮಕ್ಕೆ ಸೇರಿದುದು. ಅಲ್ಲಿ ಬೈಕಿನ ಆಟಕ್ಕೆ ಎಡೆಯೇ ಇಲ್ಲ. ಉಳಿಯುವುದು ಮನೆಯವರದೋ ಪರಿಚಿತರದೋ ಆದ, ಬೆಳೆ ಕೊಯ್ದ ಬೆದ್ದಲು ಹೊಲ; ಒಡೆಯರ ಒಪ್ಪಿಗೆ, ತಲೆಗೆ ಹೆಲ್ಮೆಟ್ಟು, ಕಾಲಿಗೆ ಗಟ್ಟಿ ಬೂಟು, ಜೊತೆಗೆ ಮತ್ತೊಬ್ಬರು. ಮಳವಳ್ಳಿ ಮದ್ದೂರುಗಳಲ್ಲಿ ಅಂಥ ನೆಲಕ್ಕೆ ಬರವಿಲ್ಲ.

ಹೀಗಿರಲು ಕಾಲೇಜುಗಳು ಮಾಡಬಹುದಾದುದೇನು? ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗಾದರೆ ಬಾಜಾ ಎಂಬ ಸ್ಪರ್ಧೆಯಿದೆ. ಅಮೆರಿಕದಲ್ಲಿ 1976ರಲ್ಲಿ ಆರಂಭವಾಗಿ 2007ರಿಂದ ಭಾರತದಲ್ಲಿಯೂ ನಡೆದುಬಂದಿರುವ ಅದರಲ್ಲಿ ವಿದ್ಯಾರ್ಥಿಗಳೇ ಕಟ್ಟಿದ ವಾಹನಗಳು ಕಲ್ಲುಮಣ್ಣುಗಳ ಮೇಲೆ ಓಡುತ್ತವೆ. ಅಮೆರಿಕದ ಸ್ಪರ್ಧೆಯಲ್ಲಿ ಬಹುಕಾಲ ಎಲ್ಲ ತಂಡಗಳಿಗೂ ಒಂದೇ ಬಗೆಯ 10 ಅಶ್ವಶಕ್ತಿಯ ಬ್ರಿಗ್ಸ್ ಅಂಡ್ ಸ್ಟ್ರಾಟನ್ ಎಂಜಿನ್ನನ್ನು ಕೊಟ್ಟು, ಅದನ್ನು ಹಿಗ್ಗಿಸಕೂಡದೆಂದು ಕಟ್ಟು ಮಾಡಿದ್ದರು. ಎಂಜಿನ್ನು ಸಮಾನವಾದಾಗ ಗೆಲ್ಲುವುದು ಗೇರಿನ ಲೆಕ್ಕ, ತೂಕ, ಚಕ್ರದ ಹಿಡಿತ. ನಾವು ಮೇಲೆ ಹೇಳಿದುದನ್ನೇ ಆ ನಿಯಮ ಬೇರೆ ಮಾತಿನಲ್ಲಿ ಹೇಳುತ್ತದೆ. ಆದರೆ ವಿಜ್ಞಾನ ಪದವಿಯ ವಿದ್ಯಾರ್ಥಿಗೆ, ಪದವಿಪೂರ್ವ ತರಗತಿಯವನಿಗೆ, ಅಷ್ಟು ದೂರದ ಸ್ಪರ್ಧೆ ಬೇಡ. ಅವನ ಕಾಲೇಜಿನ ಭೌತವಿಜ್ಞಾನ ವಿಭಾಗದಲ್ಲಿ ಒಂದು ಹಳೆಯ 97 ಸಿಸಿಯ ಎಂಜಿನ್ನೂ ಒಂದು ಹಗ್ಗದ ಬ್ರೇಕೂ ಇದ್ದರೆ ಸಾಕು.

ಹಗ್ಗದ ಬ್ರೇಕು ಹೊಸ ಸಾಧನವಲ್ಲ. ಫ್ರಾನ್ಸಿನ ಪ್ರೋನಿ ಎಂಬ ಇಂಜಿನಿಯರು 1821ರಲ್ಲಿ ರೂಪಿಸಿದ ಬ್ರೇಕಿನ ಸರಳ ರೂಪವೇ ಅದು. ಎಂಜಿನ್ನಿನ ಮುಂದಿನ ಹಲ್ಲುಚಕ್ರದ ಜಾಗದಲ್ಲಿ 15 ಸೆಂಟಿಮೀಟರು ತ್ರಿಜ್ಯದ ಉರುಳೆಯೊಂದನ್ನು ಕೂರಿಸಿ, ಅದರ ಮೇಲೆ ಹಗ್ಗವನ್ನೋ ಪಟ್ಟಿಯನ್ನೋ ಸುತ್ತಿ, ಎರಡು ತುದಿಗಳನ್ನೂ ಸ್ಪ್ರಿಂಗ್ ತ್ರಾಸುಗಳಿಗೆ ಕಟ್ಟುವುದು. ಎರಡು ತ್ರಾಸುಗಳ ವ್ಯತ್ಯಾಸವನ್ನು ತ್ರಿಜ್ಯದಿಂದ ಗುಣಿಸಿದರೆ ಟಾರ್ಕು ಬಂತು. ಸುತ್ತಿನ ವೇಗದಿಂದ ಮತ್ತೆ ಗುಣಿಸಿದರೆ ಶಕ್ತಿ ಬಂತು. ಕೊನೆಯ ಗೇರಿನಲ್ಲಿ ಎಂಜಿನ್ನು ನಿಮಿಷಕ್ಕೆ 5000 ಸುತ್ತು ತಿರುಗಿ ಉರುಳೆ 1250 ಸುತ್ತು ತಿರುಗುವಾಗ ತ್ರಾಸುಗಳ ವ್ಯತ್ಯಾಸ ಸುಮಾರು 19 ಕಿಲೋಗ್ರಾಂ ಬಂದರೆ ಎಂಜಿನ್ನು ಆರೋಗ್ಯವಾಗಿದೆಯೆಂದು ತಿಳಿಯಬಹುದು. 80, 82, 100ರ ಜೆಟ್ಟುಗಳನ್ನು ಒಂದೊಂದಾಗಿ ಹಾಕಿ, ಸೈಲೆನ್ಸರನ್ನು ಇಟ್ಟೂ ತೆಗೆದೂ, ಈ ವ್ಯತ್ಯಾಸವನ್ನು 2000 ಸುತ್ತಿನಿಂದ ಮೇಲಕ್ಕೆ ಗ್ರಾಫಿನ ಹಾಳೆಯ ಮೇಲೆ ಗುರುತಿಸಿದ ವಿದ್ಯಾರ್ಥಿಗೆ ಯಾವ ಅಧ್ಯಾಪಕನೂ ಉಪದೇಶ ಮಾಡಬೇಕಾಗಿಲ್ಲ. ಎರಡು ಎಚ್ಚರಿಕೆಗಳು ಮಾತ್ರ ಅಗತ್ಯ. ಪೂರ್ಣ ಹೊರೆಯಲ್ಲಿ ಆ ಉರುಳೆಯಲ್ಲಿ ಹುಟ್ಟುವ ಉಷ್ಣ 3700 ವಾಟಿನಷ್ಟು, ಎಂದರೆ ನೀರು ಕಾಯಿಸುವ ಸಾವಿರ ವಾಟಿನ ಕಾಯಿಲುಗಳು ಸುಮಾರು ನಾಲ್ಕು ಉರಿದಂತೆ. ಆದುದರಿಂದ ಉರುಳೆಯ ಒಳಅಂಚಿನಲ್ಲಿ ನೀರು ನಿಲ್ಲುವಂತೆ ಮಾಡಿ, ಒಂದು ಅಳತೆಯನ್ನು ಅರ್ಧ ನಿಮಿಷದೊಳಗೆ ಮುಗಿಸಬೇಕು. ಎಂಜಿನ್ನನ್ನು ಕೊಠಡಿಯೊಳಗೆ ಇಡದೆ ಹೊರಗಿನ ಜಗಲಿಯಲ್ಲಿ, ಸಿಮೆಂಟಿನ ಕಟ್ಟೆಗೆ ಬೋಲ್ಟು ಹಾಕಿ ಬಿಗಿದು, ಹೊಗೆಯ ಕೊಳವೆಯನ್ನು ಜನರಿಂದ ದೂರಕ್ಕೆ ತಿರುಗಿಸಿಡಬೇಕು. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.